ಬಳ್ಳಾರಿ ಜಾಲಿಯ ಬೇರು

ದಿಲ್ಲಿಯ ಕಡೆ ‘ವಿಲಾಯತಿ ಕೀಕರ್’ ಎಂದೂ, ಚೆನ್ನೈಯ ಕಡೆ ‘ಸೀಮೈ ಕರುವೇಲಂ’ ಎಂದೂ ಕರೆಯಲ್ಪಡುವ ಮುಳ್ಳುಮರವು ನಮ್ಮವರಿಗೆ ಅಪರಿಚಿತವಲ್ಲ. ಅದೇ ನಮ್ಮ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಅದರ ತವರು ಅಮೆರಿಕ ಖಂಡ. ಬರಡು ನೆಲವನ್ನು ಹಸುರುಗೊಳಿಸಲೆಂದು ಆಂಗ್ಲರ ಕಾಲದಲ್ಲಿ ತರಲ್ಪಟ್ಟ ಈ ಅತಿಥಿಯು ಮನೆಯವರನ್ನೇ ಹೊರದೂಡಿತು.

ಗುರುಗ್ರಾಮದ ನಾಗರಿಕರು 2010ರಿಂದ ಹಳೆಯ ಗಣಿಭೂಮಿಯೊಂದರಲ್ಲಿ ನಡೆಸಿದ ಕಾರ್ಯವು ಆದುದರಿಂದಲೇ ಸ್ತುತ್ಯವಾದುದು. ಜಾಲಿಯನ್ನು ಹಂತಹಂತವಾಗಿ ತೆಗೆದು, ಧೌ, ಸಲೈ, ಮುತ್ತುಗ ಮೊದಲಾದ ಅರಾವಳಿಯ ಮರಗಳನ್ನು ಸ್ವಯಂಸೇವಕರ ಕೈಯಿಂದ ನೆಡಿಸಿದರು. ಸಂರಕ್ಷಿತಾರಣ್ಯದ ಹೊರಗಿದ್ದೂ ಜೀವವೈವಿಧ್ಯವನ್ನು ಕಾಯುವ ತಾಣವೆಂಬ ಮನ್ನಣೆ ಆ ಅರಾವಳಿ ಉದ್ಯಾನಕ್ಕೆ 2022ರಲ್ಲಿ ದೊರೆಯಿತು.

ಕೆಲಸವೇನೂ ಸುಲಭದ್ದಲ್ಲ. ಮೇಲೆ ಕಡಿದರೆ ಬುಡದಿಂದ ಒಂದಕ್ಕೆ ನಾಲ್ಕು ಚಿಗುರೊಡೆಯುವುದು. ನೆಲವನ್ನಗೆದು ಬೇರಿನ ಬುಡವನ್ನೇ ತೆಗೆಯಬೇಕು. ಸಿಹಿಗಾಯಿ ತಿಂದ ಆಡು-ದನಗಳು ಬೀಜವನ್ನು ದೂರದೂರಕ್ಕೆ ಬಿತ್ತುತ್ತವೆ. ಒಂದು ದಿನ ಬಂದು ಭಾವಚಿತ್ರ ತೆಗೆಸಿಕೊಂಡು ಹೋಗುವವರಿಂದ ಇದು ಆಗತಕ್ಕದ್ದಲ್ಲ, ವರ್ಷವರ್ಷವೂ ಬರಬೇಕು.

ಹಾಗೆಂದು ಜಾಲಿಯನ್ನು ಶಪಿಸುವ ಮನಸ್ಸು ನಮಗಿಲ್ಲ. ಹೋಟೆಲಿನ ಸೌದೆ ಒಲೆಯ ಮುಂದೆ ಬೆವರಿದವರಿಗೆ ಅದರ ಉರಿಯ ಬೆಲೆ ಗೊತ್ತು. ಎಷ್ಟೋ ಬಡವರ ಗಂಜಿ ಇಂದಿಗೂ ಅದರಿಂದಲೇ ಬೇಯುತ್ತಿದೆ. ಅವರಿಗೆ ಬೇರೆ ಉರುವಲಿನ ದಾರಿ ಮಾಡದೆ ಒಮ್ಮೆಲೇ ಬೋಳಿಸುವುದನ್ನು ನಾವು ಒಪ್ಪಲಾರೆವು.

ದಿಲ್ಲಿ ಕಡೆಯ ನಮ್ಮ ಹೋಟೆಲ್ ಬಂಧುಗಳೂ ಗುಮಾಸ್ತ ಮಿತ್ರರೂ ರಜೆಯ ದಿನ ಒಂದೆರಡು ಗಂಟೆ ಇಂತಹ ಕೆಲಸಕ್ಕೆ ಗುದ್ದಲಿ ಹಿಡಿಯಲಿ ಎಂದು ನಮ್ಮ ವಿನಂತಿ. ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಎಳೆಯ ಗಿಡ ಸುಲಭವಾಗಿ ಕಿತ್ತುಬರುತ್ತದೆ. ದಪ್ಪ ಅಟ್ಟೆಯ ಬೂಟು ಮಾತ್ರ ಇರಲಿ. ಆ ಮುಳ್ಳು ಚಪ್ಪಲಿಯನ್ನೂ ತೂರಿ ಬರುತ್ತದೆ.