ಸೊಟ್ಟ ಚಿತ್ರ ತಗೀಲಿಕ್ಕೆ ನಮಗೂ ಬಿಡ್ರಿ

ಹೋದ ವಾರ ಅರಿಷಿಣ-ಕುಂಕುಮಕ್ಕ ಬಂದವ್ರೊಳಗ ಒಬ್ರು ವೈನಿ ನನ್ನ ಚಿತ್ರದ ವಹಿ ತಗದು ನೋಡಿದ್ರು. ಹಿತ್ತಾಳಿ ತಂಬಿಗಿ ಚಿತ್ರ ಅದು. "ಛಂದ ಆಗೇದ. ಮಾರಿದ್ರ ಎಷ್ಟ ಬರ್ತದ?" ಅಂದ್ರು. ಬಾಜೂಕ ಕೂತವ್ರು, "ಈ ವಯಸ್ಸಿನಾಗ ಟೈಮ್‌ಪಾಸ್ ಆಗಬೇಕಲ್ಲ" ಅಂತ ನಕ್ರು. ನಾನೂ ನಕ್ಕೆ, ಉಡಿ ತುಂಬಿ ಕಳಿಸಿದೆ. ರಾತ್ರಿ ಮಾತ್ರ ನಿದ್ದಿ ಹತ್ತಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನ ಇವತ್ತು ಬರೀತೇನಿ. ಸಿಟ್ಟಾಗಬ್ಯಾಡ್ರಿ.

ಇದು ಟೈಮ್‌ಪಾಸ್ ಅಲ್ಲರಿ. ಜಲವರ್ಣ ಕಲೀಲಿಕ್ಕೆ ಹತ್ತಿ ಒಂದೂವರಿ ವರ್ಷ ಆತು. ಮೊದಲ ಸಾಲಿ ಹುಡುಗರ ತೆಳ್ಳನ್ನ ಹಾಳಿ ಮ್ಯಾಲೆ ಬಣ್ಣ ಹಚ್ಚಿದ್ರ, ನೀರು ಕುಡದು ಕರದ ಹಪ್ಪಳದ್ಹಂಗ ಉಬ್ಬತಿತ್ತು. 300 ಜಿಎಸ್‌ಎಂ ದಪ್ಪ ಹಾಳಿ ಬೇಕು ಅಂತ ಆಮ್ಯಾಲೆ ತಿಳೀತು. ಹಸಿ ಇದ್ದಾಗ ಗಾಢ ಕಾಣೋ ಬಣ್ಣ ಒಣಗಿದ ಮ್ಯಾಲೆ ತಿಳಿ ಆಗ್ತದ. ನೆರಳಿಗೆ ಅಂತ ಕರೇ ಬಣ್ಣ ಬಳದು ಎಷ್ಟೋ ಹಾಳಿ ಕೆಡಿಸಿದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕೂಡಿಸಿದ್ರ ಬೂದಿ ಬಣ್ಣ ಬರ್ತದ, ನೆರಳು ನೆರಳಿನಂಗ ಕಾಣ್ತದ. ಮತ್ತ ತಂಬಿಗಿ ಮ್ಯಾಲಿನ ಆ ಹೊಳಪು ನೋಡಿದ್ರಲ್ಲ, ಅದು ಬಿಳೇ ಬಣ್ಣ ಅಲ್ಲ, ಖಾಲಿ ಬಿಟ್ಟ ಹಾಳಿ. ಅಷ್ಟು ಜಾಗಾ ಮುಟ್ಟದ ಬಿಡೂದು ಕಲೀಲಿಕ್ಕೆ ನಂಗ ಹನ್ನೊಂದು ತಂಬಿಗಿ ಬೇಕಾದ್ವು.

ಇನ್ನ ರೊಕ್ಕದ ಮಾತು. ಗಂಡಸರು ಎರಡು ತಾಸು ಇಸ್ಪೀಟ್ ಆಡಿ ಎದ್ರ ಎಷ್ಟ ಗಳಿಸಿದ್ರಿ ಅಂತ ಯಾರರ ಕೇಳ್ತೀರೇನು? ಹೆಣ್ಮಕ್ಕಳ ತಾಸಿಗೆ ಮಾತ್ರ ಯಾಕ ಲೆಕ್ಕ?

ವಯಸ್ಸು ಅಂತೀರಿ. ರವೀಂದ್ರನಾಥ ಟಾಗೋರರು ಚಿತ್ರದ ಕಡೆ ಗಟ್ಟಿಯಾಗಿ ತಿರುಗಿದ್ದ ಅರವತ್ತು ದಾಟಿದ ಮ್ಯಾಲೆ. 1930ರಾಗ ಪ್ಯಾರಿಸ್‌ನಾಗ ಪ್ರದರ್ಶನ ಆತು. ಅದಕ್ಕ ಇವತ್ತು ಯಾರೂ ಟೈಮ್‌ಪಾಸ್ ಅನ್ನೂದಿಲ್ಲ. ಅದೇ ಮನೆತನದ ಸುನಯನೀ ದೇವಿ (1875–1962) ಯಾವ ಚಿತ್ರಶಾಲೆಗೂ ಹೋಗದ, ಸಂಸಾರ ಮಾಡ್ಕೋತ, ಮೂವತ್ತರ ಸುಮಾರಿಗೆ ಕುಂಚ ಹಿಡದ್ರು. ಅವರ ಅಣ್ಣಂದಿರು ಗಗನೇಂದ್ರನಾಥ, ಅವನೀಂದ್ರನಾಥರ ಹೆಸರು ಕೇಳಿರ್ತೀರಿ. ತಂಗಿ ಹೆಸರು ನಮ್ಮೊಳಗ ಎಷ್ಟು ಮಂದಿಗೆ ಗೊತ್ತದ?

ನನ್ನ ಖರೇ ಜಗಳ ಬ್ಯಾರೇನ ಅದ. ಮೊಮ್ಮಗ ಆನಿ ಅಂತ ಏನೋ ಗೀಚಿದ್ರ ಫ್ರಿಜ್ಜಿಗೆ ಅಂಟಿಸ್ತೇವಿ. ನನ್ನ ಹತ್ತು ಸೊಟ್ಟ ತಂಬಿಗಿ ಗಾದಿ ಕೆಳಗ ಅವ. ಹತ್ತು ವರ್ಷದವರಿದ್ದಾಗಿಂದ ನಮ್ಮ ಭಕ್ರಿ ದುಂಡಗ ಆಗಬೇಕು, ರಂಗೋಲಿ ಎಳಿ ತಪ್ಪಬಾರದು, ಸಾರಿಗೆ ಉಪ್ಪು ಸರಿ ಬೀಳಬೇಕು. ತಪ್ಪು ಮಾಡ್ಕೋತ ಕಲೀಲಿಕ್ಕೆ ನಮಗ ಯಾರೂ ಬಿಡಲಿಲ್ಲ. ಈಗ ನಾವ ಒಬ್ರಿಗೊಬ್ರು ಬಿಡೂದಿಲ್ಲ.

ನಾನೂ ಶುದ್ಧ ಅಲ್ಲ. ನಾಕು ವರ್ಷದ ಹಿಂದ ನಮ್ಮ ಓಣಿಯಾಕಿ ಒಬ್ಬಾಕಿ ಸಂಗೀತ ಕಲೀಲಿಕ್ಕೆ ಹಚ್ಚಿದ್ಲು. "ಈಗ್ಯಾಕವಾ ಈ ಉಸಾಬರಿ, ದನಿ ಎಲ್ಲಿ ಏಳ್ತದ?" ಅಂದಾಕಿ ನಾನ. ಚ್ಯಾಷ್ಟಿಗೆ ಅಂದಿದ್ದೆ. ಮರುವಾರದಿಂದ ಆಕಿ ಪಾಠಕ್ಕ ಹೋಗಲಿಲ್ಲ. ನಿನ್ನೆ ಆಕಿ ಮನಿಗೆ ಹೋಗಿ ತಪ್ಪಾತು ಅಂದೆ. ಚಹಾ ಕೊಟ್ಲು. ಮತ್ತ ಶುರು ಮಾಡ್ತಾಳೋ ಇಲ್ಲೋ, ಏನೂ ಹೇಳಲಿಲ್ಲ.

ಹಳೇ ಹತ್ತೂ ತಂಬಿಗಿ ತಗದು ಫ್ರಿಜ್ಜಿಗೆ, ಆನಿ ಬಾಜೂಕ ಹಚ್ಚೇನಿ. ಬರ್ರಿ, ನೋಡ್ರಿ. ಎಲ್ಲಿ ಸೊಟ್ಟ ಆಗೇದ ಹೇಳ್ರಿ, ಕಲೀತೇನಿ. ರೇಟ್ ಮಾತ್ರ ಕೇಳಬ್ಯಾಡ್ರಿ.