ಬೇಕೆಂದೇ ಸುಳ್ಳು ಹೇಳುವ ಡಿಸ್ಕ್

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಿಗೆ ಸಂಖ್ಯೆಯೇ ಗುರುತು. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿದ ಈ ಊರುಗಳನ್ನು ಕ್ಯಾಂಪ್ 1, ಕ್ಯಾಂಪ್ 2 ಎಂದೇ ಕರೆಯುವುದು ರೂಢಿ. ಕಾಗದಪತ್ರದ ಬೆಲೆ ಏನೆಂದು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯಡಿ ಇಲ್ಲಿನ ಕೆಲವರ ಕೈಗೆ ಪ್ರಮಾಣಪತ್ರ ಬಂದದ್ದು 2024ರಲ್ಲಿ, ದಶಕಗಳ ಕಾಯುವಿಕೆಯ ನಂತರ. ಇಂಥ ಮನೆಗಳ ಮಕ್ಕಳು ಇಂದು ತಮ್ಮ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟುಕೊಳ್ಳುತ್ತಾರೆ. ಐದು ವರ್ಷದ ನಂತರ ತೆರೆದಾಗ ಆ ಪ್ರತಿ ಇಟ್ಟಂತೆಯೇ ಇರುತ್ತದೆಯೇ?

ಡಿಸ್ಕ್ ಕೆಡುವುದರಲ್ಲಿ ಎರಡು ಬಗೆ. ಒಂದು, ಸದ್ದು ಮಾಡಿ ಕೆಡುವುದು. ಕಡತ ತೆರೆಯುವುದೇ ಇಲ್ಲ, ಪರದೆಯ ಮೇಲೆ ದೋಷದ ಸೂಚನೆ ಬರುತ್ತದೆ. ಇನ್ನೊಂದು, ಸದ್ದಿಲ್ಲದೆ ಕೆಡುವುದು. ಕಡತ ತೆರೆಯುತ್ತದೆ, ಯಾವ ಸೂಚನೆಯೂ ಇಲ್ಲ. ಆದರೆ ಒಳಗಿನ ಒಂದು ಬಿಟ್ 0 ಇದ್ದದ್ದು 1 ಆಗಿರುತ್ತದೆ. ಚಿತ್ರವಾದರೆ ಅರ್ಧದಿಂದ ಕೆಳಗೆ ಬಣ್ಣ ಕಲಸಿಹೋಗಬಹುದು. ಲೆಕ್ಕದ ಕಡತವಾದರೆ ಅಂಕಿಯೇ ಬದಲಾಗಬಹುದು. ಹೆಚ್ಚು ಅಪಾಯಕಾರಿ ಈ ಎರಡನೆಯದೇ.

ಇದನ್ನು ಪರೀಕ್ಷಿಸಲು ಈಗ ಒಂದು ಸ್ವಾರಸ್ಯಕರ ಸಾಧನವಿದೆ. ಅದನ್ನು ತಿಳಿಯುವ ಮುನ್ನ ಡಿಸ್ಕ್ ಎಂದರೇನು ಎಂಬುದನ್ನು ನೋಡೋಣ. ಕಂಪ್ಯೂಟರಿನ ಪಾಲಿಗೆ ಡಿಸ್ಕ್ ಎಂದರೆ ಸಾಲಾಗಿ ಸಂಖ್ಯೆ ಕೊಟ್ಟ ಬ್ಲಾಕುಗಳು, ಅಷ್ಟೆ. ಒಂದೊಂದು ಬ್ಲಾಕಿನಲ್ಲಿ ಸಾಮಾನ್ಯವಾಗಿ 512 ಅಥವಾ 4096 ಬೈಟ್ ಮಾಹಿತಿ ಇರುತ್ತದೆ. ಬಸ್ಸಿನ ಕಂಡಕ್ಟರಿಗೆ ಕ್ಯಾಂಪಿನ ಸಂಖ್ಯೆ ಹೇಳಿದರೆ ಸಾಕು, ಅಲ್ಲಿ ಇಳಿಸುತ್ತಾನೆ. ಹಾಗೆಯೇ ಕಂಪ್ಯೂಟರ್ ‘ಇಷ್ಟನೆಯ ಬ್ಲಾಕನ್ನು ಓದಿ ಕೊಡು’, ‘ಇಷ್ಟನೆಯದರಲ್ಲಿ ಇದನ್ನು ಬರೆ’ ಎನ್ನುತ್ತದೆ. ಉತ್ತರ ಕೊಡುತ್ತಿರುವುದು ತಿರುಗುವ ತಟ್ಟೆಯೋ, ಚಿಪ್ಪೋ, ದೂರದ ಮತ್ತೊಂದು ಕಂಪ್ಯೂಟರೋ ಎಂಬುದು ಅದಕ್ಕೆ ಬೇಕಿಲ್ಲ.

ಈ ಅಂಶವನ್ನೇ ಹಿಡಿದು ಝೆಕ್ ದೇಶದ ಪಾವೆಲ್ ಮಾಹೆಕ್ 1997ರಲ್ಲಿ ಲಿನಕ್ಸ್‌ಗಾಗಿ ‘ನೆಟ್‌ವರ್ಕ್ ಬ್ಲಾಕ್ ಡಿವೈಸ್’ ಎಂಬ ವ್ಯವಸ್ಥೆಯನ್ನು ಬರೆದರು. ಒಂದು ಕಂಪ್ಯೂಟರಿನ ಡಿಸ್ಕನ್ನು ಜಾಲದ ಮೂಲಕ ಇನ್ನೊಂದು ಕಂಪ್ಯೂಟರ್ ತನ್ನದೆಂಬಂತೆ ಬಳಸಲು ಇದರಿಂದ ಸಾಧ್ಯವಾಯಿತು. ಹಾರ್ಡ್‌ಡಿಸ್ಕ್ ಇಲ್ಲದ ಹಳೆಯ ಕಂಪ್ಯೂಟರುಗಳನ್ನು ಒಂದು ಸರ್ವರಿಗೆ ಜೋಡಿಸಿ ಶಾಲೆಯ ಲ್ಯಾಬ್ ನಡೆಸಲು ನೆರವಾಗುವ ಎಲ್‌ಟಿಎಸ್‌ಪಿ ಎಂಬ ತಂತ್ರಾಂಶವೂ ಇದರ ಉಪಯೋಗ ಪಡೆಯಿತು.

ರೆಡ್ ಹ್ಯಾಟ್ ಕಂಪನಿಯ ರಿಚರ್ಡ್ ಜೋನ್ಸ್ 2013ರಲ್ಲಿ ಆರಂಭಿಸಿದ ‘ಎನ್‌ಬಿಡಿಕಿಟ್’ ಇದೇ ಬಗೆಯ ಸರ್ವರ್. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು. ಇದರ ವಿಶೇಷವೆಂದರೆ ಡಿಸ್ಕ್ ಮತ್ತು ಕಂಪ್ಯೂಟರಿನ ನಡುವೆ ಬೇಕಾದಷ್ಟು ‘ಫಿಲ್ಟರ್’ಗಳನ್ನು ಒಂದರ ಮೇಲೊಂದು ಜೋಡಿಸುವ ಅನುಕೂಲ. ಒಂದು ಫಿಲ್ಟರ್ ಉತ್ತರವನ್ನು ಬೇಕೆಂದೇ ತಡಮಾಡುತ್ತದೆ. ಒಂದು, ಮೂಲ ಡಿಸ್ಕನ್ನು ಮುಟ್ಟದೆ ಬದಲಾವಣೆಗಳನ್ನು ಬೇರೆಡೆ ಬರೆದಿಟ್ಟುಕೊಂಡು ಕೊನೆಗೆ ಅಳಿಸಿಬಿಡುತ್ತದೆ. 2019ರಲ್ಲಿ ಸೇರಿದ್ದು ಸಂಪರ್ಕ ತಪ್ಪಿದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 2022ರಲ್ಲಿ ಬಂದದ್ದು ಗೂಢಲಿಪಿಯಲ್ಲಿರುವ ಡಿಸ್ಕ್ ಪ್ರತಿಯನ್ನು ಪಾಸ್‌ವರ್ಡ್ ಪಡೆದು ತೆರೆಯುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು 2023ರಲ್ಲಿ ಸೇರಿದ ‘ಈವಿಲ್’ ಫಿಲ್ಟರ್, ಅಂದರೆ ದುಷ್ಟ ಫಿಲ್ಟರ್. ಹೆಸರಿಗೆ ತಕ್ಕಂತೆ, ಓದಿ ಕೊಟ್ಟ ಮಾಹಿತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟನ್ನು ಇದು ಗುಟ್ಟಾಗಿ ಬದಲಿಸುತ್ತದೆ. ಮೂಲ ಡಿಸ್ಕಿಗೆ ಏನೂ ಆಗುವುದಿಲ್ಲ. ಉತ್ತರ ಮಾತ್ರ ಸುಳ್ಳು. ಸುಳ್ಳಿನ ಬಗೆಯನ್ನೂ ಆರಿಸಿಕೊಳ್ಳಬಹುದು. ಒಂದು ಬಗೆಯಲ್ಲಿ ಕೆಲವು ಬಿಟ್‌ಗಳು 0ರಲ್ಲೋ 1ರಲ್ಲೋ ಸಿಕ್ಕಿಬಿದ್ದಂತೆ ವರ್ತಿಸುತ್ತವೆ. ಇನ್ನೊಂದರಲ್ಲಿ ಪ್ರತಿ ಸಲ ಬೇರೆ ಬೇರೆ ಬಿಟ್ ಬದಲಾಗುತ್ತದೆ, ವಿಶ್ವಕಿರಣ ತಾಗಿದಂತೆ.

ವಿಶ್ವಕಿರಣವೆಂದರೆ ಬರಿಯ ಕಲ್ಪನೆಯಲ್ಲ. ಬಾಹ್ಯಾಕಾಶದಿಂದ ಬರುವ ಈ ಕಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದಿದ್ದರು. ಇಂಥ ಕಣ ಕಂಪ್ಯೂಟರಿನ ಚಿಪ್ಪಿಗೆ ತಾಗಿದರೆ ಬಿಟ್ ಮಗುಚಬಲ್ಲದು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಿದ್ದಿದ್ದವು. 4096 ಎಂದರೆ 2ರ 12ನೇ ಘಾತ. ಒಂದೇ ಒಂದು ಬಿಟ್ ಮಗುಚಿದರೆ ಬರುವ ವ್ಯತ್ಯಾಸ ಸರಿಯಾಗಿ ಅಷ್ಟೇ. ಹಾಗಾಗಿ ಸಂಶಯ ವಿಶ್ವಕಿರಣದ ಕಡೆಗೆ ತಿರುಗಿತು.

ಇರಲಿ, ಸುಳ್ಳು ಹೇಳುವ ಡಿಸ್ಕಿನಿಂದ ಪ್ರಯೋಜನವೇನು? ಲಿಟ್ಮಸ್ ಕಾಗದ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಆಮ್ಲವೆಂದು ಮೊದಲೇ ಗೊತ್ತಿರುವ ನಿಂಬೆರಸದಲ್ಲಿ ಅದ್ದಿ ನೋಡುತ್ತೇವೆ. ನೀಲಿ ಕಾಗದ ಕೆಂಪಾಗದಿದ್ದರೆ ದೋಷ ಕಾಗದದ್ದೇ. ಮಾಹಿತಿಯನ್ನು ಕಾಯುವ ವ್ಯವಸ್ಥೆಗೂ ಇದೇ ನ್ಯಾಯ. ಅದಕ್ಕೆ ಗೊತ್ತಿರುವ ಸುಳ್ಳೊಂದನ್ನು ಕೊಟ್ಟು ನೋಡಬೇಕು. ಹಿಡಿದರೆ ನಂಬಬಹುದು, ಹಿಡಿಯದಿದ್ದರೆ ಅದು ಕಾಯುತ್ತಿದೆ ಎಂದುಕೊಂಡದ್ದೇ ತಪ್ಪು.

ಸುಳ್ಳನ್ನು ಹಿಡಿಯುವುದು ಹೇಗೆ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 625ಕ್ಕೆ ಪಡೆದ ಒಟ್ಟು ಅಂಕವನ್ನು ನಮೂದಿಸಿರುತ್ತಾರೆ. ಯಾರಾದರೂ ಗಣಿತದ ಅಂಕವನ್ನು ಮಾತ್ರ ತಿದ್ದಿದರೆ ಮೊತ್ತ ತಾಳೆಯಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ 5 ಕೂಡಿಸಿ ಇನ್ನೊಂದರಲ್ಲಿ 5 ಕಳೆದರೆ ಮೊತ್ತ ಮೋಸಹೋಗುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಇದಕ್ಕಿಂತ ಗಟ್ಟಿಯಾದ ಲೆಕ್ಕಗಳಿವೆ. ‘ಎಸ್‌ಎಚ್‌ಎ 256’ ಎಂಬ ಲೆಕ್ಕ ಯಾವುದೇ ಕಡತಕ್ಕೆ 64 ಅಕ್ಷರ ಮತ್ತು ಅಂಕಿಗಳ ಒಂದು ಬೆರಳಚ್ಚು ಕೊಡುತ್ತದೆ. ಕಡತದ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ.

ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಕಡತ ವ್ಯವಸ್ಥೆ ನಮ್ಮ ಕಡತಗಳ ಒಳಗಿನ ಮಾಹಿತಿಗೆ ಇಂಥ ಲೆಕ್ಕ ಇಡುವುದಿಲ್ಲ. ಬಿಟಿಆರ್‌ಎಫ್‌ಎಸ್, ಜಡ್‌ಎಫ್‌ಎಸ್‌ಗಳು ಇಡುತ್ತವೆ. ದುಷ್ಟ ಫಿಲ್ಟರಿನ ಎದುರು ಈ ಎರಡು ಬಗೆಯನ್ನೂ ನಿಲ್ಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊದಲನೆಯದು ಕೆಟ್ಟ ಚಿತ್ರವನ್ನು ಸುಮ್ಮನೆ ತೆರೆದು ತೋರಿಸುತ್ತದೆ. ಎರಡನೆಯ ಬಗೆಯದು ದೋಷವಿದೆ ಎಂದು ಹೇಳುತ್ತದೆ.

ಈ ಪ್ರಯೋಗಕ್ಕೆ ಪಟ್ಟಣದ ಲ್ಯಾಬೇ ಬೇಕೆಂದಿಲ್ಲ. ಲಿನಕ್ಸ್ ಇರುವ ಒಂದೇ ಒಂದು ಹಳೆಯ ಕಂಪ್ಯೂಟರ್ ಸಾಕು. ಸರ್ವರೂ ಅದೇ, ಪ್ರಶ್ನೆ ಕೇಳುವುದೂ ಅದೇ. ತಂತ್ರಾಂಶವನ್ನು ಒಮ್ಮೆ ಅಳವಡಿಸಿಕೊಂಡ ಮೇಲೆ ಇಂಟರ್‌ನೆಟ್ಟೂ ಬೇಡ. ಒಂದು ಚಿತ್ರದ ಕಡತದ ಬೆರಳಚ್ಚನ್ನು ಬರೆದಿಟ್ಟುಕೊಳ್ಳಬೇಕು. ಅದೇ ಕಡತವನ್ನು ದುಷ್ಟ ಫಿಲ್ಟರಿನ ಮೂಲಕ ಓದಿಸಿ ಬೇರೆ ಹೆಸರಿನಲ್ಲಿ ಉಳಿಸಿ, ಮತ್ತೆ ಬೆರಳಚ್ಚು ತೆಗೆದು ಹೋಲಿಸಬೇಕು. ಚಿತ್ರ ಚಿಕ್ಕದಾದರೆ ತಪ್ಪಿನ ಸಂಭವನೀಯತೆಯನ್ನು ಹೆಚ್ಚಿಸಬೇಕಾದೀತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಫಲಿತಾಂಶವನ್ನು ಬರೆದಿಡುವುದು ಇಲ್ಲಿಯೂ ನಿಯಮ. ಅಭ್ಯಾಸಕ್ಕೆ ಯಾವುದಾದರೂ ಹೂವಿನ ಚಿತ್ರ ಸಾಕು. ಬೇಕಾದ ದಾಖಲೆಗಳನ್ನು ಮಾತ್ರ ಇದಕ್ಕೆ ಬಳಸಬಾರದು.

ತಾಯಿತಂದೆಯರು ಗಮನಿಸಬೇಕಾದ ಮಾತೊಂದುಂಟು. ‘ಎರಡು ಪ್ರತಿ ಇದೆ, ಭಯವಿಲ್ಲ’ ಎನ್ನುವುದು ಅರ್ಧ ಸತ್ಯ. ಸದ್ದಿಲ್ಲದೆ ಕೆಟ್ಟ ಕಡತವನ್ನು ಒಳ್ಳೆಯ ಪ್ರತಿಯ ಮೇಲೆ ನಕಲು ಮಾಡಿದರೆ ಎರಡೂ ಹೋದಂತೆ. ಆದ್ದರಿಂದ ಮಕ್ಕಳ ದಾಖಲೆಗಳನ್ನು ಬೇರೆ ಬೇರೆ ಎರಡು ಕಡೆ ಇಡಬೇಕು. ಇಟ್ಟ ದಿನವೇ ಬೆರಳಚ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಬೇಕು. ವರ್ಷಕ್ಕೊಮ್ಮೆ ತಾಳೆ ನೋಡಬೇಕು. ಹಳೆಯ ಪ್ರತಿಯನ್ನು ಅಳಿಸುವ ಮುನ್ನ ಹೊಸದು ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ತಗಲುವುದು ಒಂದು ನೋಟ್‌ಬುಕ್ಕಿನ ಬೆಲೆ ಮತ್ತು ವರ್ಷಕ್ಕೆ ಅರ್ಧ ದಿನ. ಮೂಲ ಕಾಗದವಂತೂ ಪೆಟ್ಟಿಗೆಯಲ್ಲಿ ಇದ್ದೇ ಇರಲಿ.