ಮೂಕಜೀವದ ಶುಶ್ರೂಷೆ ಮತ್ತು ನಮ್ಮ ಕಾಯಕ



ಹೋದ ತಿಂಗಳು ಬೆಂಗಳೂರಿನಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಗಂಡ ಹೆಂಡಿರಿಬ್ಬರೂ ನೌಕರಿಯಲ್ಲಿರುವವರು. ಮನೆಯಲ್ಲಿ ಸಾಕಿದ ನಾಯಿಗೆ ವಾಸಿಯಾಗದ ಬೇನೆ ತಗುಲಿದೆ. ದಿನಕ್ಕೆ ಎರಡು ಹೊತ್ತು ಔಷಧ, ವಾರಕ್ಕೊಮ್ಮೆ ಆಸ್ಪತ್ರೆ. ಅವರ ಪ್ರಶ್ನೆ ಇಷ್ಟು: "ಕಾಯಕವನ್ನು ಪೂಜೆಗಿಂತಲೂ ಮಿಗಿಲೆಂದು ನಂಬಿದ ಮನೆತನ ನಮ್ಮದು. ನಾಯಿಯೊಂದರ ಸಲುವಾಗಿ ಕಚೇರಿಗೆ ತಡಮಾಡುವುದು, ರಜೆ ಹಾಕುವುದು ಕಾಯಕಕ್ಕೆ ಬಗೆದ ದ್ರೋಹವೆಂದು ಮನೆಯ ಹಿರಿಯರು ಹೇಳುತ್ತಾರೆ. ತಾವೇನು ಹೇಳುತ್ತೀರಿ?"

ಎರಡು ವರ್ಷಗಳ ಹಿಂದೆ ಈ ಪತ್ರ ಬಂದಿದ್ದರೆ ಆ ಹಿರಿಯರು ಹೇಳಿದ್ದೇ ಸರಿಯೆಂದು ಎರಡು ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ಏಕೆಂದರೆ ನಮ್ಮ ಮನೆಯಲ್ಲಿ ಆ ಮಾತನ್ನು ಹೇಳಿದ ಹಿರಿಯ ನಾನೇ. ಆದುದರಿಂದ ಈ ಸಲ ಗ್ರಂಥಗಳನ್ನು ತೆರೆಯುವ ಮೊದಲು ನಮ್ಮ ಧಾರವಾಡದ ಮನೆಯ ಕಥೆಯನ್ನೇ ತೆರೆದಿಡುತ್ತೇನೆ.

ನಮ್ಮ ಮಗ ಮದುವೆಯಾದ ವರ್ಷ ಹೊಲದಿಂದ ಒಂದು ನಾಟಿ ನಾಯಿಮರಿಯನ್ನು ಎತ್ತಿಕೊಂಡು ಬಂದ. ಅದಕ್ಕೆ ರಾಣಿ ಎಂದು ಹೆಸರಿಟ್ಟವಳು ಸೊಸೆ. ಮಠದಲ್ಲಿ ಬೆಳೆದ ನನಗೆ ನಾಯಿ ಹೊಸ್ತಿಲ ಈಚೆಗೆ ಬರುವುದು ಒಗ್ಗದು. ಪೂಜೆಯ ಕೋಣೆಯ ಕಡೆಗಂತೂ ಸುಳಿಯಕೂಡದೆಂದು ಅಪ್ಪಣೆ ಮಾಡಿದ್ದೆ. ಅದೂ ಆ ಅಪ್ಪಣೆಯನ್ನು ಮೀರದೆ ಪಡಸಾಲೆಯಲ್ಲಿಯೇ ಬೆಳೆಯಿತು. ಒಂಬತ್ತನೆಯ ವರ್ಷದಲ್ಲಿ ಅದರ ನಡವಳಿಕೆ ಬದಲಾಯಿತು. ಇಟ್ಟಷ್ಟು ನೀರನ್ನೂ ಕುಡಿಯುವುದು, ರಾತ್ರಿ ಪಡಸಾಲೆಯಲ್ಲಿಯೇ ಮೂತ್ರ ಮಾಡುವುದು, ಹೊಟ್ಟೆ ತುಂಬ ತಿಂದರೂ ಪಕ್ಕೆಲುಬು ಕಾಣುವಷ್ಟು ಸೊರಗುವುದು. ಮುಪ್ಪಿನ ಲಕ್ಷಣವೆಂದು ನಾವೆಲ್ಲ ತಿಳಿದೆವು. ಸೊಸೆಗೆ ಮಾತ್ರ ಸಂಶಯ ಬಂದಿತು. ಪಶುವೈದ್ಯರು ರಕ್ತ, ಮೂತ್ರ ಎರಡನ್ನೂ ಪರೀಕ್ಷಿಸಿ ಸಕ್ಕರೆ ಕಾಯಿಲೆ ಎಂದರು.

ಇದೇ ಕಾಯಿಲೆ ನನಗೂ ಇದೆ. ನಾನು ದಿನಕ್ಕೆ ಎರಡು ಗುಳಿಗೆ ನುಂಗಿ ಓಡಾಡಿಕೊಂಡಿದ್ದೇನೆ. ಅದಕ್ಕೂ ಗುಳಿಗೆ ಕೊಡಬಾರದೇ ಎಂದು ಕೇಳಿದೆ. ನಾಯಿಗಳಿಗೆ ಬರುವ ಸಕ್ಕರೆ ಕಾಯಿಲೆಗೆ ಗುಳಿಗೆ ನಾಟುವುದಿಲ್ಲವಂತೆ. ಇನ್ಸುಲಿನ್ ಚುಚ್ಚುಮದ್ದೇ ಗತಿ, ಅದೂ ಸಾಮಾನ್ಯವಾಗಿ ಬದುಕಿರುವವರೆಗೆ. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗಳ ಅಂತರದಲ್ಲಿ, ಊಟವಾದ ಕೂಡಲೇ. ಗರ್ಭಕೋಶ ತೆಗೆಯಿಸದ ಹೆಣ್ಣುನಾಯಿಗಳಲ್ಲಿ ಈ ಕಾಯಿಲೆ ಹೆಚ್ಚೆಂದೂ, ಆ ಶಸ್ತ್ರಕ್ರಿಯೆ ಆಗದಿದ್ದರೆ ಇನ್ಸುಲಿನ್ನಿನ ಅಳತೆ ಹದಕ್ಕೆ ಬರುವುದು ಕಷ್ಟವೆಂದೂ ತಿಳಿಸಿದರು.

ಹನ್ನೆರಡು ಗಂಟೆಗಳ ಅಂತರ ಎಂಬ ಮಾತು ಕೇಳುವುದಕ್ಕೆ ಸುಲಭವಾಗಿದೆ. ನಮ್ಮ ಸೊಸೆಯ ಬ್ಯಾಂಕು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಚಿಗರಿ ಬಸ್ಸು ಹತ್ತಿದರೆ ಸಂಜೆ ಮರಳುವುದು ಏಳೂವರೆಗೋ ಎಂಟಕ್ಕೋ. ಮಗನದು ಕಾರ್ಖಾನೆಯ ಪಾಳಿಯ ಕೆಲಸ. ಈ ವಾರ ಹಗಲು, ಬರುವ ವಾರ ರಾತ್ರಿ. ನಮ್ಮ ಮನೆಯವರಿಗೆ ಮೊಣಕಾಲು ನೋವು, ಬಗ್ಗಲಾರರು. ಮೊಮ್ಮಗ ಎಂಟು ವರ್ಷದ ಹುಡುಗ. ಬೆಳಗಿನ ಏಳು ಗಂಟೆ, ಸಂಜೆಯ ಏಳು ಗಂಟೆ ಎಂದು ನಿಶ್ಚಯವಾದ ಮೇಲೆ, ಸಂಜೆ ಆ ಹೊತ್ತಿಗೆ ಮನೆಯಲ್ಲಿ ಇರಬಲ್ಲವನು ನಾನೊಬ್ಬನೇ ಎಂಬುದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಆದರೆ ಸಂಜೆ ಆರೂವರೆಗೆ ನನ್ನ ಅನುಭಾವಗೋಷ್ಠಿ. ಹದಿನಾಲ್ಕು ವರ್ಷಗಳಿಂದ ಅದನ್ನು ತಪ್ಪಿಸಿದವನಲ್ಲ.

"ಇಲ್ಲ ನೋಡವ್ವಾ," ಎಂದೆ. "ಗೋಷ್ಠಿ ನನ್ನ ಕಾಯಕ. ಬ್ಯಾಂಕು ನಿನ್ನ ಕಾಯಕ. ನಾಯಿಯ ಸಲುವಾಗಿ ಯಾರ ಕಾಯಕವೂ ಕೆಡಬಾರದು. ಹೊಲಕ್ಕೆ ಕಳಿಸಿಬಿಡೋಣ, ಅಲ್ಲಿ ಆಳು ನೋಡಿಕೊಳ್ಳುತ್ತಾನೆ."

ಸೊಸೆ ನನಗೆ ಎದುರಾಡಿದವಳಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು: "ಒಂಬತ್ತು ವರ್ಷ ನಮ್ಮ ಬಾಗಲಾ ಕಾದದ್ದು ಅದರ ಕಾಯಕ ಅಲ್ಲೇನ್ರಿ ಮಾವಾರ? ಅದು ಒಂದ ದಿನಾನೂ ರಜಾ ಹಾಕಿಲ್ಲ."

ಆ ರಾತ್ರಿ ನನಗೆ ಮಠದ ಕೊಟ್ಟಿಗೆ ನೆನಪಾಯಿತು. ನಾವು ಪಾಠಶಾಲೆಯ ಹುಡುಗರು ಸರದಿಯ ಮೇಲೆ ದನ ನೋಡಿಕೊಳ್ಳುತ್ತಿದ್ದೆವು. ಆಕಳು ಈಯುವ ರಾತ್ರಿ ಸರದಿಯ ಹುಡುಗ ಕಂದೀಲು ಹಿಡಿದು ಅಲ್ಲಿಯೇ ಕೂಡಬೇಕು; ಮರುದಿನ ಬೆಳಗಿನ ವ್ಯಾಕರಣಪಾಠಕ್ಕೆ ಅವನಿಗೆ ವಿನಾಯಿತಿ. ಪಾಠ ಕೆಟ್ಟಿತೆಂದು ನಮ್ಮ ಗುರುಗಳು ಒಂದು ದಿನವೂ ಅನ್ನಲಿಲ್ಲ. ಕಲ್ಯಾಣದ ತುರುಗಾಹಿ ರಾಮಣ್ಣನವರಿಗೆ ದನ ಕಾಯುವುದೇ ಕಾಯಕವಾಗಿತ್ತೆಂದು ನೂರು ವೇದಿಕೆಗಳಲ್ಲಿ ಹೇಳಿದವನು ನಾನು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೆಯ ಶತಮಾನದಲ್ಲಿಯೇ ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನೆಂದು ಹೆಮ್ಮೆಪಟ್ಟವನೂ ನಾನೇ. ಹಾಗಾದರೆ ನನ್ನ ಅಡ್ಡಿ ಇದ್ದದ್ದು ಕಾಯಕದಲ್ಲಿ ಅಲ್ಲ. ಅದು ಆಕಳಲ್ಲ, ನಾಯಿ ಎಂಬುದರಲ್ಲಿ. ಆಕಳು ಹಾಲು ಕೊಡುತ್ತದೆ. ಹಾಲಿನ ಲೆಕ್ಕವನ್ನು ದಯೆಯ ಲೆಕ್ಕವೆಂದು ನಾನು ಇಷ್ಟು ವರ್ಷ ಬರೆದುಕೊಂಡಿದ್ದೆ.

ನಾಯಿಗೂ ನಮ್ಮ ನಾಡಿನಲ್ಲಿ ಮರ್ಯಾದೆ ಇಲ್ಲದೆ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಅನೇಕ ಓದುಗರು ಬಲ್ಲರು. 949ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಒಡೆಯ ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ದತ್ತಿಯನ್ನು ಅನುಭವಿಸುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂಬ ಕಟ್ಟಳೆಯೂ ಅದರಲ್ಲಿದೆ. ಸತ್ತ ನಾಯಿಯ ಕಲ್ಲಿಗೆ ಪೂಜೆಯಾಗದೆ ಒಬ್ಬ ಶೈವ ಗೊರವ ಉಣ್ಣಕೂಡದು. ಬದುಕಿರುವ ನಾಯಿಗೆ ಔಷಧ ಕೊಡುವುದಕ್ಕೆ ನನಗೆ ಗೋಷ್ಠಿ ಅಡ್ಡ!

ಮರುವಾರದಿಂದ ಗೋಷ್ಠಿಯನ್ನು ಐದೂವರೆಗೆ ತಂದುಕೊಂಡೆ. ಸೂಜಿ ಹಿಡಿಯುವುದನ್ನು ಸೊಸೆ ಕಲಿಸಿದಳು. ಬೆನ್ನಿನ ಮೇಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಆ ಮಡಿಕೆಯೊಳಗೆ ಚುಚ್ಚಬೇಕು. ರಾಣಿ ಅಲುಗಾಡುತ್ತಿರಲಿಲ್ಲ, ನಡುಗುತ್ತಿದ್ದುದು ನನ್ನ ಕೈ. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ದೊರೆಯುತ್ತದೆ, ಸಿರಿಂಜುಗಳೂ ಹಾಗೆಯೇ ಬೇರೆ ಬೇರೆ. ಒಂದರ ಔಷಧವನ್ನು ಇನ್ನೊಂದರ ಸಿರಿಂಜಿನಲ್ಲಿ ಎಳೆದರೆ ಅಳತೆ ಎರಡೂವರೆ ಪಟ್ಟು ತಪ್ಪುತ್ತದೆ. ಅಂಗಡಿಯಲ್ಲಿ ಎರಡನ್ನೂ ಓದಿ ನೋಡಿಯೇ ಕೊಳ್ಳಬೇಕು.

ಇಷ್ಟೆಲ್ಲ ಎಚ್ಚರವಿದ್ದೂ ನನ್ನಿಂದ ಒಂದು ಪ್ರಮಾದ ನಡೆಯಿತು. ಮಾರ್ಚ್ ತಿಂಗಳ ಕೊನೆಯ ವಾರ. ವರ್ಷಾಂತ್ಯದ ಲೆಕ್ಕಕ್ಕಾಗಿ ಸೊಸೆ ನಸುಕಿನಲ್ಲಿಯೇ ಹೊರಡಬೇಕಾಗಿತ್ತು. ರಾಣಿಗೆ ಚುಚ್ಚುಮದ್ದು ಹಾಕಬೇಕೆಂದು ಹಿಂದಿನ ದಿನ ನನಗೂ ಹೇಳಿದಳು, ರಾತ್ರಿಪಾಳಿಗೆ ಹೊರಟ ಗಂಡನಿಗೂ ಹೇಳಿದಳು. ಮಗ ಏಳಕ್ಕೆ ಬಂದವನು ಅದಕ್ಕೆ ಉಣಿಸಿ, ಸೂಜಿ ಹಾಕಿ, ಮಲಗಿಬಿಟ್ಟ. ನಾನು ಪೂಜೆ ಮುಗಿಸಿ ಬಂದವನು ತಟ್ಟೆ ಇಟ್ಟೆ. ರಾಣಿ ಮೂಸಿ ಬಿಟ್ಟಿತು. ಉಣ್ಣದಿದ್ದರೆ ವೈದ್ಯರನ್ನು ಕೇಳದೆ ಪೂರ್ತಿ ಅಳತೆ ಹಾಕಕೂಡದೆಂದು ನೂರು ಸಲ ಕೇಳಿದ್ದೆ. ಆದರೂ ಹೊತ್ತು ಮೀರಿತೆಂಬ ಆತುರದಲ್ಲಿ ಹಾಕಿದೆ.

ಹತ್ತೂವರೆಯ ಸುಮಾರಿಗೆ ಅದು ಎದ್ದು ನಿಲ್ಲಲು ಹೋಗಿ ಹಿಂಗಾಲು ತಡವರಿಸಿ ಬಿದ್ದಿತು. ಮೈಯೆಲ್ಲ ನಡುಕ. ಮಗನನ್ನು ಎಬ್ಬಿಸಿದೆ. ಅವನು ಒಂದೇ ಮಾತು ಕೇಳಿದ: "ಅಪ್ಪಾರ, ನೀವೂ ಹಾಕಿದ್ರೇನು?" ರಕ್ತದ ಸಕ್ಕರೆ ಕುಸಿದಾಗ ಮಾಡಬೇಕಾದ್ದನ್ನು ವೈದ್ಯರು ಮೊದಲೇ ಹೇಳಿಕೊಟ್ಟಿದ್ದರು. ಜೇನುತುಪ್ಪವನ್ನು ಬೆರಳಿನಿಂದ ಅದರ ಒಸಡಿಗೆ ಉಜ್ಜಿದೆವು. ಪ್ರಜ್ಞೆ ತಪ್ಪುತ್ತಿರುವ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಅನಂತರ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಸಂಜೆಯವರೆಗೆ ಗ್ಲೂಕೋಸ್ ಬಾಟಲಿ ಏರಿಸಿದರು. ನಾನು ಬೆಂಚಿನ ಮೇಲೆ ಕುಳಿತಿದ್ದೆ. ವೈದ್ಯರು ಹರೆಯದವರು, ಬೈಯಲಿಲ್ಲ. "ಅಜ್ಜಾರ, ಹಾಕೇವೋ ಇಲ್ಲೋ ಅಂತ ಸಂಶಯ ಬಂದರ ಹಾಕಬ್ಯಾಡ್ರಿ. ಒಂದ ಹೊತ್ತು ತಪ್ಪಿದರ ನಡೀತದ, ಎರಡ ಸಲ ಆದರ ನಡಿಯೂದಿಲ್ಲ," ಎಂದರು.

ಸೊಸೆ ಆ ದಿನ ಬ್ಯಾಂಕು ಬಿಟ್ಟು ಬರಲಾಗಲಿಲ್ಲ. ರಾತ್ರಿ ಒಂಬತ್ತಕ್ಕೆ ಬಂದವಳು ರಾಣಿಯ ತಲೆ ನೇವರಿಸಿ, ನನಗೆ ಏನನ್ನೂ ಅನ್ನದೆ, ಅಡುಗೆಮನೆಯ ಕ್ಯಾಲೆಂಡರನ್ನು ತಂದು ಪಡಸಾಲೆಯಲ್ಲಿ ತೂಗುಹಾಕಿದಳು. ಅದಕ್ಕೊಂದು ಪೆನ್ನು ದಾರದಿಂದ ಕಟ್ಟಿದಳು. ಹಾಕಿದವರು ಆ ಕ್ಷಣವೇ ತಾರೀಖಿನ ಮನೆಯಲ್ಲಿ ತಮ್ಮ ಗುರುತು ಹಾಕಬೇಕು. ಇಬ್ಬರಿಗೆ ಒಂದೇ ಕೆಲಸ ಹೇಳುವುದಿಲ್ಲವೆಂದು ಅವಳೂ ನಿಯಮ ಮಾಡಿಕೊಂಡಳು.

ಪತ್ರ ಬರೆದ ಸೋದರಿಗೆ ಈಗ ನೇರವಾಗಿ ಹೇಳುತ್ತೇನೆ. ನೌಕರಿ ಬಿಡುವ ಮಾತು ಬೇಡ. ವೈದ್ಯರ ಮುಂದೆ ನಿಮ್ಮಿಬ್ಬರ ಕಚೇರಿಯ ಹೊತ್ತನ್ನು ಬರೆದಿಟ್ಟು, ಔಷಧದ ಹೊತ್ತನ್ನು ಅದಕ್ಕೆ ಹೊಂದಿಸಬಹುದೇ ಎಂದು ಕೇಳಿರಿ. ಅನೇಕ ವೇಳೆ ಹೊಂದಿಸಲು ಬರುತ್ತದೆ. ನಮ್ಮಲ್ಲಿ ಆರು ಗಂಟೆಯಾಗಿದ್ದುದು ಏಳಾದದ್ದು ಹಾಗೆಯೇ. ಹೊರೆಯನ್ನು ಹಂಚಿರಿ. ಇಂಥ ಮನೆಗಳಲ್ಲಿ ಶುಶ್ರೂಷೆಯೆಲ್ಲ ಹೆಣ್ಣುಮಗಳ ಹೆಗಲಿಗೇ ಬೀಳುವುದನ್ನೂ, ಕಾಯಕದ ಉಪದೇಶವೂ ಅವಳಿಗೇ ಸಲ್ಲುವುದನ್ನೂ ನಾನು ಬಲ್ಲೆ. ಉಪದೇಶ ಮಾಡುವ ಹಿರಿಯರ ಕೈಗೆ ಒಂದು ಹೊತ್ತಿನ ಔಷಧವನ್ನು ಕೊಟ್ಟು ನೋಡಿರಿ. ಹಗಲು ಯಾರೂ ಇಲ್ಲದ ಮನೆಯಾದರೆ ನಂಬಿಕೆಯ ನೆರೆಯವರನ್ನು ಕೇಳಿರಿ, ಇಲ್ಲವೆ ಸಂಬಳ ಕೊಟ್ಟು ಒಬ್ಬರನ್ನು ಗೊತ್ತುಮಾಡಿರಿ. ಮನುಷ್ಯರ ನೋವಿನ ಗುಳಿಗೆಯನ್ನು ಮಾತ್ರ ನಿಮ್ಮಷ್ಟಕ್ಕೆ ಕೊಡಬೇಡಿರಿ. ಐಬುಪ್ರೊಫೆನ್ ನಾಯಿಗೆ ವಿಷ. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ಪ್ರಾಣಾಂತಿಕ.

ರಜೆಯ ವಿಷಯದಲ್ಲಿ ಸುಳ್ಳು ಬೇಡ. ನಮ್ಮ ಸೊಸೆಗೆ ಅಳತೆ ನಿಶ್ಚಯಿಸುವ ಪರೀಕ್ಷೆಗಾಗಿ ಒಂದು ಇಡೀ ದಿನ ಆಸ್ಪತ್ರೆಯಲ್ಲಿ ಕೂಡಬೇಕಾಯಿತು. ಎರಡು ಗಂಟೆಗೊಮ್ಮೆ ರಕ್ತ ನೋಡುತ್ತಾರೆ. ನಾಯಿಗೆಂದು ರಜೆ ಕೇಳಿದಾಗ ಕಚೇರಿಯಲ್ಲಿ ನಕ್ಕರಂತೆ. "ಮಾವನಿಗೆ ಹುಷಾರಿಲ್ಲ ಅಂತ ಬರೀರಿ" ಎಂದು ಒಬ್ಬರ ಸಲಹೆ. ನಾಯಿಯ ಬದಲು ನನ್ನನ್ನು ಕಾಯಿಲೆ ಬೀಳಿಸುವ ಉಪಾಯ! ಅವಳು ಒಪ್ಪಲಿಲ್ಲ, ಇದ್ದದ್ದನ್ನೇ ಬರೆದು, ತನ್ನ ಪಾಲಿನ ಸಾಂದರ್ಭಿಕ ರಜೆ ತೆಗೆದುಕೊಂಡಳು. 2017ರಲ್ಲಿ ಇಟಲಿಯ ರೋಮ್ ನಗರದ ವಿಶ್ವವಿದ್ಯಾಲಯವೊಂದರ ನೌಕರಳು, ಶಸ್ತ್ರಕ್ರಿಯೆಯಾದ ತನ್ನ ನಾಯಿಯ ಆರೈಕೆಗೆ ಎರಡು ದಿನಗಳ ಸಂಬಳಸಹಿತ ರಜೆಯನ್ನು ಹೋರಾಡಿ ಪಡೆದಳು. ನಮ್ಮ ದೇಶದಲ್ಲಿ ಅಂಥ ರಜೆಯನ್ನು ಕೊಡಿಸುವ ಸಾಮಾನ್ಯ ಕಾನೂನಿಲ್ಲ. ಆದರೆ ಪ್ರಾಣಿಯನ್ನು ಇಟ್ಟುಕೊಂಡವರು ಅದರ ಯೋಗಕ್ಷೇಮ ನೋಡಬೇಕೆಂಬುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೇ ಕರ್ತವ್ಯವಾಗಿ ನಿಂತಿದೆ. ರೋಗಿಷ್ಠ ನಾಯಿಯನ್ನು ಊರಾಚೆ ಬಿಟ್ಟುಬರುವುದು ಅಪರಾಧ. ಹೊಲಕ್ಕೆ ಕಳಿಸೋಣವೆಂದ ನನ್ನ ಸಲಹೆಯೂ ಅದಕ್ಕಿಂತ ಬಹಳ ದೂರದ್ದಾಗಿರಲಿಲ್ಲ; ಹೊಲದ ಆಳಿಗೆ ಇನ್ಸುಲಿನ್ ಇಡಲು ಫ್ರಿಜ್ಜು ಎಲ್ಲಿತ್ತು?

ಬೇನೆ ಉಲ್ಬಣಿಸಿ, ಔಷಧಕ್ಕೆ ಮೀರಿ, ಆ ಜೀವ ನರಳುವುದೊಂದೇ ಉಳಿದಾಗ ಏನು ಮಾಡಬೇಕೆಂದೂ ಸೋದರಿ ಕೇಳಿದ್ದಾರೆ. ಅದನ್ನು ವೈದ್ಯರೊಡನೆ ಕುಳಿತು, ಮನೆಯವರೆಲ್ಲ ಸೇರಿ ನಿರ್ಧರಿಸಬೇಕು. ದೂರದಲ್ಲಿರುವ ನಾನು ತೀರ್ಪು ಕೊಡಲಾರೆ. ಆ ನಿರ್ಧಾರಕ್ಕೆ ಅದರ ನೋವು ಕಾರಣವಾಗಲಿ, ನಮ್ಮ ರಜೆಯ ಲೆಕ್ಕ ಆಗದಿರಲಿ ಎಂದಷ್ಟೇ ಹೇಳಬಲ್ಲೆ.

ರಾಣಿಗೆ ಈಗ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಬಹುಪಾಲಿಗೆ ಇದು ಬರುತ್ತದಂತೆ. ಗೋಡೆ ಹಿಡಿದು ನಡೆಯುವುದನ್ನು ಕಲಿತಿದೆ. ನಾವೂ ಕುರ್ಚಿ, ಮೇಜುಗಳನ್ನು ಇದ್ದಲ್ಲಿಂದ ಕದಲಿಸುವುದಿಲ್ಲ. ಒಂದು ದಿನ ದಾರಿ ತಪ್ಪಿ ಪೂಜೆಯ ಕೋಣೆಯ ಬಾಗಿಲವರೆಗೆ ಬಂದು ಅಲ್ಲಿಯೇ ಮಲಗಿತ್ತು. ಎಬ್ಬಿಸಲಿಲ್ಲ.

ಗೋಷ್ಠಿಯಲ್ಲಿ ಆರೂವರೆಯ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಷಟ್‌ಸ್ಥಲದ ಬಗೆಗೆ ದೊಡ್ಡದೊಂದು ಪ್ರಶ್ನೆ ಎತ್ತುತ್ತಾರೆ. ಉತ್ತರವನ್ನು ಮರುದಿನಕ್ಕೆ ಇಟ್ಟು, ಶಾಲು ಹೊದ್ದು ಎದ್ದುಬಿಡುತ್ತೇನೆ.